ಹೊಸತೊಡಕಿನ ದಿನ ಬಾಗಿಲಿಗೆ ಬಂದವನು

ಆ ಮನುಷ್ಯನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹಳೆಯ ನೆನಪು ಬರೆಯುವವರು ಕೊನೆಗೆ ದೊಡ್ಡ ಮನಸ್ಸು ಮಾಡಿ ಎಲ್ಲರನ್ನೂ ಕ್ಷಮಿಸಿಬಿಡುವುದನ್ನು ನಾನೂ ಓದಿದ್ದೇನೆ. ನನ್ನ ಕೈಲಿ ಅದಾಗುವುದಿಲ್ಲ. ಓದುವವರು ಆ ಆಸೆ ಇಟ್ಟುಕೊಳ್ಳಬೇಡಿ.

ಎರಡು ಸಾವಿರನೇ ಇಸವಿ ದಾಟಿ ಒಂದಷ್ಟು ಕಾಲವಾಗಿತ್ತು. ನನ್ನ ತವರು ಗರುಡಾಚಾರ್‌ಪಾಳ್ಯದ ಹಳೇ ಊರಿನೊಳಗೆ. ತಾತ ರಾಗಿ, ಅವರೆ ಬೆಳೆಯುತ್ತಿದ್ದ ಜಾಗದಲ್ಲಿ ಅಪ್ಪ ಸಾಲಾಗಿ ಕೋಣೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು. ಅಪ್ಪ ಹೋದ ಮೇಲೆ ಅಮ್ಮನೇ ಅದರ ಯಜಮಾನಿ. ಮನೆಯಿಂದ ಮೊಪೆಡ್‌ನಲ್ಲಿ ಹತ್ತು ನಿಮಿಷ ಹೋದರೆ ವಾಹನಗಳಿಗೆ ಪ್ಲಾಸ್ಟಿಕ್ ಬಿಡಿಭಾಗ ಮಾಡುವ ಒಂದು ಕಂಪನಿ ಇತ್ತು. ಕೆಳಗೆ ಮೆಷಿನ್ನು, ಮೇಲೆ ಆಫೀಸು. ಕೆ.ಆರ್.ಪುರದಲ್ಲಿ ಬಿಕಾಂ ಮುಗಿಸಿ ನಾನು ಆ ಮೇಲಿನ ಮಹಡಿಗೆ ಸೇರಿದೆ. ನಮ್ಮ ವಂಶದಲ್ಲಿ ಗಾಲಿ ಇರುವ ಕುರ್ಚಿಯ ಮೇಲೆ ಕೂತು ಸಂಬಳ ತಂದವಳು ನಾನೇ ಮೊದಲು. ಅಮ್ಮ ಅದನ್ನು ಹೋದ ಮದುವೆಮನೆಯಲ್ಲೆಲ್ಲಾ ಹೇಳಿಕೊಂಡು ಬರುತ್ತಿದ್ದಳು.

ನನ್ನ ಕೆಲಸಕ್ಕೆ ಅಡ್ಮಿನ್ ಎಂದು ಹೆಸರು. ಕ್ಯಾಂಟೀನಿನ ಊಟ, ಬರಹೋಗುವವರಿಗೆ ಕಾರು, ನೀರಿನ ಟ್ಯಾಂಕರ್, ಮೀಟಿಂಗಿಗೆ ಟೀ ಬಿಸ್ಕತ್ತು, ಇವೆಲ್ಲ ಹೊತ್ತುಹೊತ್ತಿಗೆ ಆಗುವ ಹಾಗೆ ನೋಡಿಕೊಳ್ಳುವುದು. ಕ್ಯಾಂಟೀನ್ ನಡೆಸುತ್ತಿದ್ದವನು ನನ್ನ ಸೋದರಮಾವ. ಕಾರುಗಳು ಚಿಕ್ಕಪ್ಪನ ಮಕ್ಕಳವು. ಟ್ಯಾಂಕರ್ ಪಕ್ಕದ ಬೀದಿಯವರದ್ದು. ನಾನು ಒಂದು ಕೂಗು ಹಾಕಿದರೆ ಕೆಲಸ ಆಗುತ್ತಿತ್ತು. ಹಾಗೆ ಆಗುತ್ತಿದ್ದದ್ದರಿಂದಲೇ ನಾನು ಏನು ಮಾಡುತ್ತೇನೆಂದು ಮೇಲಿನವರಿಗೆ ಗೊತ್ತಿರಲಿಲ್ಲ.

ಮೇಲಿನವರು ಎಂದರೆ ನಮ್ಮ ಮೇನೇಜರ್. ಇಂದಿರಾನಗರದ ದೊಡ್ಡ ಮನೆಯವನು, ಹುಟ್ಟಿ ಬೆಳೆದದ್ದು ಅಲ್ಲೇ. ಹಲಸೂರು ಕೆರೆ ಅವನಿಗೆ ಗೊತ್ತು, ಎಂ.ಜಿ. ರೋಡು ಗೊತ್ತು, ಹಳೇ ಮದ್ರಾಸ್ ರೋಡಿನಲ್ಲಿ ಈಚೆಗೆ ಬಂದರೆ ಮನುಷ್ಯರು ವಾಸ ಮಾಡುತ್ತಾರೆಂದೇ ಅವನಿಗೆ ಅನ್ನಿಸಿರಲಿಲ್ಲ. ಕನ್ನಡ ಬರುತ್ತಿತ್ತು, ಬೇಕಾದಾಗ ಮಾತ್ರ. ಮಾತು ಶುರು ಮಾಡುವ ಮೊದಲು ಕೈಗಡಿಯಾರ ನೋಡಿಕೊಳ್ಳುವುದು ಅವನ ಅಭ್ಯಾಸ. ಎದುರಿಗಿದ್ದವರು ಅವನ ಹೊತ್ತನ್ನು ಕದಿಯಲು ಬಂದವರೆಂಬ ಹಾಗೆ ನೋಡುತ್ತಿದ್ದ.

ಆಗ ನಾವೆಲ್ಲ ಇಪ್ಪತ್ತೈದರ ಆಸುಪಾಸಿನವರು. ಮಧ್ಯಾಹ್ನ ಊಟಕ್ಕೆ ಕೂತಾಗ ನಮ್ಮದು ಒಂದೇ ಗೋಳು, ಸಂಜೆ ಹೊತ್ತಿಗೆ ಸರಿಯಾಗಿ ಮನೆಗೆ ಬಿಡುವುದಿಲ್ಲ ಎಂದು. ನನ್ನ ಪಕ್ಕದ ಟೇಬಲ್ಲಿನ ಡಿಸೈನ್ ಹುಡುಗ ಲಿಂಗರಾಜಪುರದವನು, ಮನೆಯಲ್ಲಿ ತಮಿಳು, ಹೊರಗೆ ಎಲ್ಲ ಭಾಷೆ. ತಾರಸಿಯ ಮೇಲೆ ಪಂದ್ಯದ ಪಾರಿವಾಳ ಸಾಕಿದ್ದ. ಸಂಜೆ ಅವು ಗೂಡಿಗೆ ಇಳಿಯುವಾಗ ಸಾಕಿದವನು ಎದುರಿಗೆ ನಿಂತಿರಬೇಕಂತೆ, ಇಲ್ಲದಿದ್ದರೆ ಪಕ್ಕದ ತಾರಸಿಯವನ ಶಿಳ್ಳೆಗೆ ಹೋಗಿಬಿಡುತ್ತವಂತೆ.

"ಮೂರು ಜೊತೆ ಹೋಯ್ತು ಮಗಾ ಈ ತಿಂಗ್ಳು," ಎನ್ನುತ್ತಿದ್ದ. "ಹಕ್ಕಿಗಿರೋ ಬುದ್ಧಿ ನಮಗಿಲ್ಲ ನೋಡು. ಅದಾದ್ರೂ ಹೊತ್ತು ಮುಳುಗಿದ್ರೆ ಗೂಡಿಗೆ ಹೋಗತ್ತೆ. ಇದಕ್ಕಾ ನಾನು ಇಂಜಿನಿಯರಿಂಗ್ ಓದಿದ್ದು? ಬಿಟ್ಬಿಡ್ತೀನಿ ಗುರು, ಸತ್ಯವಾಗ್ಲೂ ಬಿಟ್ಬಿಡ್ತೀನಿ."

ಬಿಡುತ್ತಿರಲಿಲ್ಲ. ಮಾರನೆಯ ದಿನ ಎಲ್ಲರಿಗಿಂತ ಮೊದಲು ಬಂದು ಕೂತಿರುತ್ತಿದ್ದ. ನಾನು ಅವನಷ್ಟು ಗೊಣಗುತ್ತಿರಲಿಲ್ಲ. ನನಗೆ ಆ ಕೆಲಸ ನಿಜಕ್ಕೂ ಇಷ್ಟವಿತ್ತು. ಬೆಳಿಗ್ಗೆ ಸೀರೆಯೋ ಚೂಡಿದಾರೋ ಇಸ್ತ್ರಿ ಮಾಡಿ ತೊಟ್ಟು ಹೊರಡುವುದು, ನಾಲ್ಕು ಜನ "ಮೇಡಂ" ಎನ್ನುವುದು, ಇದೆಲ್ಲ ನನಗೆ ಬೇಕಿತ್ತು. ಬೇಕಿತ್ತು ಎನ್ನಲು ನನಗೆ ನಾಚಿಕೆಯಿಲ್ಲ.

ಮದುವೆಯಾಗಿ ಕೆ.ಆರ್.ಪುರಕ್ಕೆ ಹೋದೆ. ದಸರೆ ಕಳೆದ ಮೇಲೆ ಮಗಳು ಹುಟ್ಟಿದಳು, ಬಾಣಂತನಕ್ಕೆ ತವರಿಗೆ ಬಂದೆ. ರಜೆ ಮುಗಿದಾಗ ಗಂಡ, "ಕೆಲಸ ಬಿಟ್ಬಿಡು, ನಾನು ದುಡೀತಿಲ್ವಾ?" ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ನಾನು ಒಪ್ಪಲಿಲ್ಲ. ಅಮ್ಮ ಮಗುವನ್ನು ನೋಡಿಕೊಳ್ಳುತ್ತೇನೆ ಎಂದಳು. ಉಳಿದದ್ದು ಒಂದೇ ವಿಷಯ, ಮಗುವಿನ ಹಾಲು. ಬೆಳಿಗ್ಗೆ ಕುಡಿಸಿ ಹೋದರೆ ಸಂಜೆಯವರೆಗೆ ತಡೆಯುವ ವಯಸ್ಸಲ್ಲ ಅದು. ಮಧ್ಯಾಹ್ನ ಊಟದ ಹೊತ್ತಿಗೆ ಮೊಪೆಡ್‌ನಲ್ಲಿ ಮನೆಗೆ ಹೋಗಿ ಕುಡಿಸಿ ಬರುತ್ತೇನೆ, ಹೆಚ್ಚಿನ ಹೊತ್ತನ್ನು ಸಂಜೆ ಕೂತು ತುಂಬಿಸಿಕೊಡುತ್ತೇನೆ ಎಂದು ಮೇನೇಜರನ್ನು ಕೇಳಿದೆ.

"ನನಗೆ ಪರ್ಸನಲ್ ಆಗಿ ಏನೂ ಪ್ರಾಬ್ಲಮ್ ಇಲ್ಲ," ಎಂದ. "ನಾವೆಲ್ಲ ಒಂದೇ ಫ್ಯಾಮಿಲಿ ಅಲ್ವಾ?"

ಹೋಗಿಬರತೊಡಗಿದೆ. ನಾನು ಬೀದಿಯ ತಿರುವು ದಾಟುವ ಹೊತ್ತಿಗೆ ಅಮ್ಮ ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದಳು. ಒಂದು ಕೈಯಲ್ಲಿ ಮಗಳನ್ನು ಹಿಡಿದು ಹಾಲು ಕೊಡುತ್ತಾ ಇನ್ನೊಂದು ಕೈಯಲ್ಲಿ ಮುದ್ದೆ ನುಂಗುತ್ತಿದ್ದೆ. ಅವಳು ಕುಡಿಯುತ್ತಾ ಕುಡಿಯುತ್ತಾ ನನ್ನ ಗುರುತಿನ ಚೀಟಿಯ ದಾರವನ್ನು ಮುಷ್ಟಿಯಲ್ಲಿ ಹಿಡಿದುಕೊಳ್ಳುತ್ತಿದ್ದಳು. ಬಿಡಿಸಿಕೊಂಡು ಓಡಬೇಕಾಗುತ್ತಿತ್ತು. ಕಷ್ಟವಿತ್ತು, ಆದರೆ ನಡೆಯುತ್ತಿತ್ತು.

ಒಂದು ತಿಂಗಳು ನಡೆಯಿತು. ಆಮೇಲೊಂದು ದಿನ ನಾನು ಇಲ್ಲದಾಗ ಮೇನೇಜರನ ರೂಮಿಗೆ ಯಾರೋ ಬಂದು, ಟೀ ಬರುವುದು ತಡವಾಯಿತಂತೆ. ಅಷ್ಟೇ ಆದದ್ದು. ನಾನು ವಾಪಸು ಬಂದಾಗ ಅವನು ಮೆಟ್ಟಿಲ ಮೇಲ್ಗಡೆ ನಿಂತಿದ್ದ. ಕೈಗಡಿಯಾರ ನೋಡಿದ. ಮಹಡಿಯ ತುಂಬಾ ಜನ ತಮ್ಮ ತಮ್ಮ ಟೇಬಲ್ಲಿನಲ್ಲಿದ್ದರು.

"ಮೇಡಂ, ಇದು ಆಫೀಸಾ, ಡೈರಿನಾ?" ಎಂದ, ಎಲ್ಲರಿಗೂ ಕೇಳುವ ಹಾಗೆ.

ಜನ ನಕ್ಕರು. ಪಾರಿವಾಳದವನೂ ನಕ್ಕ. ಅವನು ನಕ್ಕದ್ದನ್ನು ನಾನು ಕಣ್ಣಾರೆ ನೋಡಿದೆ.

"ಬಾಟಲ್ ಹಾಲು ಅಭ್ಯಾಸ ಮಾಡ್ಸಿ," ಎಂದು ಮುಂದುವರಿಸಿದ ಆ ಮಹಾನುಭಾವ. "ನಮ್ಮನೇಲೂ ಹಾಗೇ ಬೆಳ್ಸಿದ್ದು. ನಾಳೆಯಿಂದ ಊಟ ಇಲ್ಲೇ ಮಾಡಿ. ಒಬ್ಬರಿಗೆ ಬಿಟ್ರೆ ಎಲ್ಲರೂ ಕೇಳ್ತಾರೆ."

ನಾನು ಎದೆಯ ಮೇಲೆ ದುಪಟ್ಟಾ ಎಳೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂತೆ. ಹಾಲೂಡಿಸುವ ತಾಯಿಗೆ ಕೆಲಸದ ನಡುವೆ ಬಿಡುವು ಕೊಡಬೇಕೆಂದು ಕಾನೂನೇ ಹೇಳುತ್ತದೆಂದು ನನಗೆ ಗೊತ್ತಾದದ್ದು ಮಗಳು ಶಾಲೆಗೆ ಹೋಗತೊಡಗಿದ ಮೇಲೆ. ಆವತ್ತು ಗೊತ್ತಿದ್ದಿದ್ದರೆ ಎಂದು ಯೋಚಿಸಿದಾಗಲೆಲ್ಲ ಈಗಲೂ ಮೈ ಉರಿಯುತ್ತದೆ.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ? ಮಧ್ಯಾಹ್ನವಾಗುತ್ತಲೇ ಎದೆ ಕಲ್ಲಾಗುತ್ತಿತ್ತು. ಕುಪ್ಪಸ ಒದ್ದೆಯಾಗುತ್ತಿತ್ತು. ಕೆಳಗಿನ ಹೆಂಗಸರ ಟಾಯ್ಲೆಟ್ಟಿಗೆ ಹೋಗಿ ವಾಶ್‌ಬೇಸಿನ್ನಿಗೆ ಹಾಲು ಹಿಂಡುತ್ತಿದ್ದೆ. ನಲ್ಲಿ ತಿರುಗಿಸಿದರೆ ನೀರಿನ ಜೊತೆ ಹೋಗಿಬಿಡುತ್ತಿತ್ತು. ಹತ್ತು ನಿಮಿಷದ ದಾರಿಯಲ್ಲಿ ನನ್ನ ಮಗು ಹಸಿದು ಅಳುತ್ತಿತ್ತು. ಬಾಟಲಿ ಬಾಯಿಗಿಟ್ಟರೆ ಮುಖ ತಿರುಗಿಸುತ್ತಾಳೆ ಎಂದು ಸಂಜೆ ಅಮ್ಮ ಹೇಳುತ್ತಿದ್ದಳು.

ಆ ಟಾಯ್ಲೆಟ್ಟಿನಲ್ಲಿ ನನ್ನ ಹಾಗೇ ಇನ್ನೊಬ್ಬಳಿದ್ದಳು. ಯಾದಗಿರಿ ಕಡೆಯವಳು, ಕೆಳಗೆ ಪ್ಯಾಕಿಂಗಿನಲ್ಲಿ ಕೆಲಸ, ನಮ್ಮದೇ ಬಾಡಿಗೆ ಕೋಣೆಯಲ್ಲಿ ಸಂಸಾರ. ಅವಳ ಕೂಸು ನನ್ನ ಮಗಳಿಗಿಂತ ಸ್ವಲ್ಪ ಚಿಕ್ಕದು, ಅತ್ತೆಯ ಹತ್ತಿರ ಬಿಟ್ಟು ಬರುತ್ತಿದ್ದಳು. ಅವಳಿಗಂತೂ ಮಧ್ಯಾಹ್ನ ಹೋಗಿಬರುವ ಮಾತೇ ಯಾವತ್ತೂ ಇರಲಿಲ್ಲ. ನಾನು ಹಿಂಡಿಕೊಳ್ಳುವಾಗ ಅವಳು ಬಾಗಿಲು ಕಾಯುತ್ತಿದ್ದಳು, ಅವಳು ಹಿಂಡಿಕೊಳ್ಳುವಾಗ ನಾನು.

"ಅಳಬ್ಯಾಡ್ರಿ ಅಕ್ಕಾರ," ಎನ್ನುತ್ತಿದ್ದಳು. "ಅತ್ರ ಮತ್ತಿಷ್ಟು ಬಿಗೀತೈತಿ. ಬೈರಿ ಬೇಕಾದ್ರ. ಬೈದ್ರ ಹಗೂರ ಆಕ್ಕೈತಿ."

ಬೈದೆವು. ಅವನ ಹಿಂದಿನವರು ಮುಂದಿನವರು ಯಾರನ್ನೂ ಬಿಡಲಿಲ್ಲ.

ನನಗೆ ಒಂದು ಕಡೆ ಎದೆ ಬಾತು ಜ್ವರ ಬಂತು. ಡಾಕ್ಟರು ಮಾತ್ರೆ ಕೊಟ್ಟು, ಮಗುವಿಗೆ ಕುಡಿಸುತ್ತಾ ಇರಿ, ಅದೇ ಔಷಧಿ ಎಂದರು. ಕುಡಿಸಲು ಮಗು ಎಲ್ಲಿ, ನಾನೆಲ್ಲಿ? ಜ್ವರ ಬಿಟ್ಟಿತು, ಮತ್ತೆ ಬಂತು. ಎರಡನೇ ಸಲ ಬಂದಾಗ ಅಮ್ಮ ಶಿವಾಜಿನಗರಕ್ಕೆ ಬಸ್ಸು ಹತ್ತಿ ಹೋಗಿ ಮೊಳಗಟ್ಟಲೆ ಮಲ್ಲಿಗೆ ತಂದಳು. ನಮ್ಮ ಕಡೆ ಹಾಲು ಇಳಿಸಲು ಎದೆಗೆ ಮಲ್ಲಿಗೆ ಕಟ್ಟುತ್ತಾರೆ. ಮಗು ಕಳೆದುಕೊಂಡವರಿಗೆ ಕಟ್ಟುವುದನ್ನು ನಾನು ನೋಡಿದ್ದೆ. ಮಗು ತೊಟ್ಟಿಲಲ್ಲಿ ಆಡುತ್ತಿರುವಾಗ ಕಟ್ಟಿಸಿಕೊಂಡವಳು ನಾನೊಬ್ಬಳೇ ಇರಬೇಕು. ಅಮ್ಮ ಹೂವನ್ನು ಬಿಗಿಯಾಗಿ ಸುತ್ತಿ, ಮೇಲೆ ಹಳೇ ಸೀರೆಯ ಪಟ್ಟಿ ಕಟ್ಟಿದಳು. ಕಟ್ಟುತ್ತಾ ಕಟ್ಟುತ್ತಾ ಅವನ ಮನೆ ಹಾಳಾಗಲಿ ಎಂದು ಶಾಪ ಹಾಕಿದಳು. ಕೆಲವೇ ದಿನದಲ್ಲಿ ಹಾಲು ನಿಂತಿತು. ಮಗಳು ಬೇರೆ ದಾರಿಯಿಲ್ಲದೆ ಬಾಟಲಿ ಹಿಡಿದಳು.

ಗಂಡ ಮತ್ತೆ ಕೆಲಸ ಬಿಡು ಎಂದ. ಈಗಂತೂ ಬಿಡುವುದಿಲ್ಲ ಎಂದೆ. ಬಿಟ್ಟರೆ ಆ ಮೇನೇಜರಿಗೆ ಏನು ನಷ್ಟ? ನನ್ನ ಕುರ್ಚಿಯಲ್ಲಿ ಇನ್ನೊಬ್ಬಳನ್ನು ಕೂರಿಸಿಕೊಳ್ಳುತ್ತಾನೆ. ನನ್ನಿಂದ ಅವನು ಏನು ಕಿತ್ತುಕೊಂಡ ಎಂದು ಅವನಿಗೆ ಗೊತ್ತಾಗಬೇಕು, ಆಮೇಲೆ ಬೇಕಾದರೆ ಬಿಡುತ್ತೇನೆ. ಇದೊಂದೇ ಹಟ ಹಿಡಿದು ಬೆಳಿಗ್ಗೆ ಮೊಪೆಡ್ ಹತ್ತುತ್ತಿದ್ದೆ.

ಅಷ್ಟರಲ್ಲಿ ಯುಗಾದಿ ಬಂತು. ಯುಗಾದಿಯ ಮಾರನೆಯ ದಿನ ನಮಗೆ ಹೊಸತೊಡಕು. ಹಬ್ಬದ ದಿನ ಹೋಳಿಗೆ, ಮಾರನೆಯ ದಿನ ಬಾಡೂಟ. ನಮ್ಮ ಕಡೆ ಹಬ್ಬಕ್ಕಿಂತ ಇದೇ ದೊಡ್ಡದು. ಊರವರು ಸೇರಿ ಕುರಿ ಕಡಿಸಿ ಗುಡ್ಡೆ ಹಾಕಿ ಮಾಂಸ ಹಂಚಿಕೊಳ್ಳುತ್ತಾರೆ. ಗಂಡಸರು ಹೊಂಗೆ ಮರದ ಕೆಳಗೆ ಇಸ್ಪೀಟಿಗೆ ಕೂರುತ್ತಾರೆ, ಒಂದೆರಡು ಗುಟುಕು ಹಾಕಿಕೊಳ್ಳುತ್ತಾರೆ. ಆ ದಿನ ಏನು ಮಾಡುತ್ತೇವೋ ವರ್ಷ ಪೂರ್ತಿ ಅದೇ ನಡೆಯುತ್ತದೆಂಬ ನಂಬಿಕೆ. ಹಾಗಾಗಿ ಆವತ್ತು ಯಾರೂ ಕೂಲಿಗೆ ಹೋಗುವುದಿಲ್ಲ, ಯಾರನ್ನೂ ಬಯ್ಯುವುದಿಲ್ಲ, ಮಕ್ಕಳನ್ನು ಅಳಿಸುವುದಿಲ್ಲ, ಬಾಗಿಲಿಗೆ ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸುವುದಿಲ್ಲ.

ಆ ದಿನ ಕ್ಯಾಂಟೀನು ಮುಚ್ಚಿರುತ್ತದೆ, ಕಾರು ಬರುವುದಿಲ್ಲ ಎಂದು ಹಿಂದಿನ ವರ್ಷ ಮೇನೇಜರಿಗೆ ಹೇಳಲು ಹೋಗಿದ್ದೆ. ಆಗ ನಾನು ಬಸುರಿ. ಅವನು ಬಿದ್ದು ಬಿದ್ದು ನಕ್ಕ.

"ಮಟನ್ ಲೀವಾ? ಹೊಸ ಕ್ಯಾಟಗರಿ ಮಾಡೋಣ್ವಾ?" ಎಂದ. ನಗು ನಿಂತ ಮೇಲೆ, "ಇನ್ನು ಮೇಲೆ ಈ ಹಬ್ಬ ಗಿಬ್ಬ ನನ್ನ ಹತ್ರ ತರಬೇಡಿ. ಕೆಲಸ ಆಗಬೇಕು, ಅಷ್ಟೇ," ಎಂದ.

ಆಗ ನಾನೇ ಹಿಂದಿನ ದಿನವೇ ದೂರದ ಹೋಟೆಲಿಗೆ ಹೇಳಿ ಊಟ ತರಿಸಿದ್ದೆ, ಕಲ್ಯಾಣ ನಗರದಿಂದ ಬೇರೆ ಕಾರು ಗೊತ್ತು ಮಾಡಿದ್ದೆ. ವರ್ಷ ವರ್ಷವೂ ಹೀಗೇ ಮಾಡುತ್ತಿದ್ದೆ. ಊಟ ಹೊತ್ತಿಗೆ ಬಂತು, ಅವನು ತಿಂದ. ಕ್ಯಾಂಟೀನು ಮುಚ್ಚಿತ್ತೆಂದೇ ಅವನಿಗೆ ಗೊತ್ತಾಗಲಿಲ್ಲ.

ಈ ವರ್ಷ ಅವನು ಮಾಡಿದ್ದೇನು? ಹೊರದೇಶದಿಂದ ಬರುವ ಗಿರಾಕಿಗಳನ್ನು, ಕಂಪನಿಯ ಅತಿ ದೊಡ್ಡ ಗಿರಾಕಿಗಳನ್ನು, ಸರಿಯಾಗಿ ಹೊಸತೊಡಕಿನ ದಿನವೇ ಕರೆಸಿದ. ಕ್ಯಾಲೆಂಡರಿನಲ್ಲಿ ಯುಗಾದಿಗೆ ಕೆಂಪು ಬಣ್ಣವಿತ್ತು, ಅದನ್ನು ಬಿಟ್ಟು ಮಾರನೆಯ ದಿನ ಇಟ್ಟುಕೊಂಡಿದ್ದ. ಕೆಂಪಿಲ್ಲದ ದಿನ ಯಾರ ಮನೆಯಲ್ಲಾದರೂ ಹಬ್ಬವಿರಬಹುದೆಂದು ಅವನ ತಲೆಗೆ ಹೊಳೆಯುವುದೂ ಸಾಧ್ಯವಿರಲಿಲ್ಲ. ನನ್ನ ಆ ದಿನದ ರಜೆಗೆ ತಿಂಗಳ ಮುಂಚೆಯೇ ಸಹಿ ಹಾಕಿದ್ದ, ನೋಡದೆ.

ಕರೆದು ಕೇಳಿದ, "ಎಲ್ಲಾ ರೆಡಿನಾ? ಲಂಚ್ ಕ್ಯಾಂಟೀನಲ್ಲೇ ಸ್ಪೆಷಲ್ ಮಾಡ್ಸಿ. ಕಾರು ಎರಡು ಬೇಕು. ಅವತ್ತು ಏನೂ ಎಡವಟ್ಟಾಗಬಾರದು."

"ಹೇಳ್ತೀನಿ ಸರ್," ಎಂದೆ.

ಹೇಳಿದೆ ಕೂಡ. ಮಾವನಿಗೆ ಹೇಳಿದಾಗ ಅವನು ಸೌಟು ಕೆಳಗಿಟ್ಟು ನನ್ನ ಮುಖ ನೋಡಿದ. "ಏನವ್ವಾ, ತಲೆ ನೆಟ್ಟಗೈತಾ? ಹೊಸತೊಡಕಿನ ದಿನ ನಾನು ಒಲೆ ಹಚ್ಚೋದು ನನ್ ಮನೇಲಿ ಮಾತ್ರ. ನಿನ್ ಸಾಹೇಬ್ರಿಗೆ ಹೇಳ್ಬುಡು."

ನಾನು ಸಾಹೇಬರಿಗೆ ಹೇಳಲಿಲ್ಲ. ಹಬ್ಬ ಗಿಬ್ಬ ನನ್ನ ಹತ್ತಿರ ತರಬೇಡಿ ಎಂದವನು ಅವನೇ ತಾನೇ? ತರಲಿಲ್ಲ. ಹೋಟೆಲಿಗೂ ಹೇಳಲಿಲ್ಲ, ಬೇರೆ ಕಾರನ್ನೂ ನೋಡಲಿಲ್ಲ. ಹೂಗುಚ್ಛ ತರಿಸಿಟ್ಟೆ, ಮೀಟಿಂಗ್ ರೂಮಿನಲ್ಲಿ ನೀರಿನ ಬಾಟಲಿ ಜೋಡಿಸಿದೆ, ಬಾಗಿಲಲ್ಲಿ ಸ್ವಾಗತದ ಬೋರ್ಡು ನಿಲ್ಲಿಸಿದೆ. ಮನೆಗೆ ಬಂದು, ಯುಗಾದಿಯ ದಿನ ಅಮ್ಮನ ಜೊತೆ ಹೋಳಿಗೆ ತಟ್ಟುತ್ತಾ ಹಾಡು ಹೇಳಿಕೊಂಡೆ. ಅಷ್ಟು ಚೆನ್ನಾಗಿ ನಾನು ಎಷ್ಟೋ ತಿಂಗಳಿಂದ ಉಸಿರಾಡಿರಲಿಲ್ಲ.

ಹೊಸತೊಡಕಿನ ದಿನ ಬೆಳಿಗ್ಗೆಯಿಂದ ಅಂಗಳದಲ್ಲಿ ಮಸಾಲೆಯ ವಾಸನೆ. ಹನ್ನೆರಡಾದ ಮೇಲೆ ಫೋನು ಬಡಿದುಕೊಳ್ಳತೊಡಗಿತು. ಎತ್ತಿದೆ.

"ಕ್ಯಾಂಟೀನ್ ಲಾಕ್ ಆಗಿದೆ! ಡ್ರೈವರ್ಸ್ ಯಾರೂ ಇಲ್ಲ! ಗೆಸ್ಟ್‌ಗಳು ಟ್ಯಾಕ್ಸಿ ಹಿಡ್ಕೊಂಡು ಬಂದ್ರು! ಎಲ್ಲಿದೀರಾ?"

"ರಜೇಲಿದೀನಿ ಸರ್. ನೀವೇ ಸೈನ್ ಮಾಡಿದ್ರಲ್ಲ," ಎಂದೆ. "ಹಬ್ಬದ ಶುಭಾಶಯ ಸರ್," ಎಂದು ಸೇರಿಸಿ ಇಟ್ಟುಬಿಟ್ಟೆ.

ಮತ್ತೆ ಬಡಿದುಕೊಂಡಿತು. ನಾನು ಕ್ಯಾರೇ ಎನ್ನಲಿಲ್ಲ. ಅರ್ಧ ಗಂಟೆಯಾಗಿರಬಹುದು, ನಮ್ಮ ಸಂದಿಯೊಳಕ್ಕೆ ಅವನ ಉದ್ದನೆಯ ಕಾರು ಕೋಳಿಗಳನ್ನು ಚದುರಿಸಿಕೊಂಡು ಬಂತು. ಇಳಿದ. ಟೈ ಸಡಿಲವಾಗಿತ್ತು, ಮುಖ ಇಂಗು ತಿಂದ ಮಂಗನ ಹಾಗಿತ್ತು. ಹೊಂಗೆ ಮರದ ಕೆಳಗೆ ಅವನ ಇಬ್ಬರು ಡ್ರೈವರುಗಳು, ನನ್ನ ಚಿಕ್ಕಪ್ಪನ ಮಕ್ಕಳು, ಇಸ್ಪೀಟಿನ ಎಲೆ ಹಾಕುತ್ತಿದ್ದರು. ಮಾವ ಅಂಗಳದಲ್ಲಿ ಪಂಕ್ತಿಗೆ ಬಡಿಸುತ್ತಿದ್ದ. ಟ್ಯಾಂಕರಿನವನು ಮೂಳೆ ಚೀಪುತ್ತಿದ್ದ. ಅವನ ಕಂಪನಿ ನಡೆಸುವವರೆಲ್ಲ ಒಂದೇ ಅಂಗಳದಲ್ಲಿ ಸಿಕ್ಕಿದರು.

ನಾನು ಅಮ್ಮನ ಕಿವಿಯಲ್ಲಿ, "ಅಮ್ಮಾ, ಅವನೇ ಇವನು," ಎಂದೆ.

"ಗೊತ್ತಾಯ್ತು," ಎಂದಳು ಅಮ್ಮ, ಹಲ್ಲು ಕಚ್ಚಿಕೊಂಡು. "ಇವತ್ತು ಬಯ್ಯಂಗಿಲ್ಲ. ನಾಲಿಗೆ ಬಿಗಿ ಹಿಡಿ. ಕೂರ್ಸು."

ಹೊಸಿಲಿಗೆ ಹೋಗಿ ನಗುತ್ತಾ, "ಬನ್ನಿ ಸ್ವಾಮಿ, ಬನ್ನಿ. ಹೊಸತೊಡಕಿನ ದಿನ ಬಾಗಿಲಲ್ಲಿ ನಿಲ್ಬಾರ್ದು," ಎಂದು ಅವನನ್ನು ಒಳಗೆ ಕರೆದು ಚಾಪೆಯ ಮೇಲೆ ಕೂರಿಸಿಬಿಟ್ಟಳು.

"ಊಟ ಬೇಡಮ್ಮ. ನಾನು ವೆಜಿಟೇರಿಯನ್. ಅಲ್ಲಿ ಗೆಸ್ಟ್‌ಗಳು ಕಾಯ್ತಾ ಇದಾರೆ..."

"ಅಯ್ಯೋ, ಅದಕ್ಕೇನಂತೆ! ನಿನ್ನೆ ಹೋಳಿಗೆ ಐತೆ. ಬೇರೆ ಪಾತ್ರೇದು. ತಿನ್ನದೆ ಎದ್ರೆ ನಮ್ ಮನೆಗೆ ಒಳ್ಳೇದಾಗಲ್ಲ ಸ್ವಾಮಿ. ವರ್ಷ ಪೂರ್ತಿ ಬಂದವರು ಹಸ್ಕೊಂಡೇ ಹೋಗ್ತಾರೆ."

ಎಲೆ ಹಾಕಿದಳು. ಹೋಳಿಗೆ, ಮೇಲೆ ತುಪ್ಪ. ಅವನು ಗಬಗಬ ತಿಂದು ಮುಗಿಸಿದ. ಅಮ್ಮ ಇನ್ನೊಂದು ಹಾಕಿದಳು. ಕೈ ಅಡ್ಡ ಹಿಡಿದ. ಕೈಯ ಸಂದಿಯಿಂದಲೇ ಹಾಕಿದಳು. ಜೀವಮಾನದಲ್ಲಿ ಅಮ್ಮ ಯಾರಿಗೂ ಅಷ್ಟು ಪ್ರೀತಿಯಿಂದ ಬಡಿಸಿದ್ದನ್ನು ನಾನು ಕಂಡಿಲ್ಲ. ಅವನು ಕೈಗಡಿಯಾರ ನೋಡಿಕೊಂಡಾಗಲೆಲ್ಲ ಇನ್ನೊಂದು ಸೌಟು ತುಪ್ಪ ಬೀಳುತ್ತಿತ್ತು.

ಹೊರಗೆ ಡ್ರೈವರುಗಳ ಕಡೆ ಕೈ ತೋರಿಸಿ, "ಒಬ್ಬರನ್ನಾದ್ರೂ ಕಳ್ಸಿ," ಎಂದ.

ಮಾವ ಸಮಾಧಾನವಾಗಿ, "ಆಗಲ್ಲ ಸಾ. ಹುಡುಗ್ರು ಒಂದೊಂದು ಪೆಗ್ಗು ಹಾಕ್ಬುಟ್ಟವ್ರೆ. ಗಾಡಿ ಕೊಟ್ರೆ ನಿಮ್ಗೇ ಕೆಟ್ಟೆಸ್ರು," ಎಂದ.

ಅವನು ನನ್ನ ಕಡೆ ತಿರುಗಿದ. "ಮೇಡಂ, ನೀವಾದ್ರೂ ಬನ್ನಿ. ಪ್ಲೀಸ್. ಹತ್ತು ನಿಮಿಷದ ದಾರಿ ತಾನೇ?"

ಹತ್ತು ನಿಮಿಷದ ದಾರಿ. ಈಗ ಗೊತ್ತಾಯಿತು ಅವನಿಗೆ. ನನ್ನ ಮಗಳು ಮಡಿಲಲ್ಲಿದ್ದಳು, ಬಾಟಲಿಯ ಹಾಲು ಕುಡಿಯುತ್ತಿದ್ದಳು.

"ಮಗು ಹಾಲು ಕುಡೀತಿದೆ ಸರ್. ಮುಗಿಸ್ಲಿ," ಎಂದೆ.

ಅವನು ಬಾಟಲಿಯನ್ನು ನೋಡಿದ. ಆ ಹೊತ್ತಿನಲ್ಲಿ, ಅಷ್ಟು ಬೆವರುತ್ತಿದ್ದಾಗಲೂ, ಅವನ ಮುಖದಲ್ಲಿ ಒಂದು ನಗು ಬಂತು.

"ನೋಡಿ, ಅಭ್ಯಾಸ ಆಯ್ತಲ್ಲ. ನಾನು ಹೇಳಿರ್ಲಿಲ್ವಾ?" ಎಂದ.

ಪಿತ್ತ ನೆತ್ತಿಗೇರಿತು. ಪಕ್ಕದಲ್ಲಿ ಬಿಸಿ ತುಪ್ಪದ ಗಿಂಡಿ ಇತ್ತು. ನಾನು ಅದರ ಕಡೆ ನೋಡಿದ್ದು ಅಮ್ಮನಿಗೆ ಕಾಣಿಸಿತು. ಅವಳು ಗಿಂಡಿಯನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡು, ನನ್ನನ್ನು ದುರುಗುಟ್ಟಿ ನೋಡಿದಳು. ಅದನ್ನು ಅವನ ಮೇಲೆ ಸುರಿಯಬೇಕು ಎನ್ನಿಸುವಷ್ಟು ಸಿಟ್ಟು ಬಂದರೂ ನಾನು ಬಾಯಿ ಬಿಡಲಿಲ್ಲ. ಆವತ್ತು ಬಯ್ದರೆ ವರ್ಷವೆಲ್ಲ ಅವನನ್ನೇ ಬಯ್ಯುತ್ತಾ ಕೂತಿರಬೇಕಾಗುತ್ತದೆ, ಅದೂ ನನಗೆ ಬೇಕಿರಲಿಲ್ಲ. ಮಗಳು ಕುಡಿಯುವುದನ್ನು ನಿಧಾನ ಮಾಡಿದಳು, ನಿದ್ದೆ ಹೋದಳು. ಅವನು ಎದ್ದು, ಕೈ ತೊಳೆದುಕೊಂಡು, ಬಾಲ ಮುದುರಿಕೊಂಡು ಹೊರಟ.

ಆಫೀಸಿನಲ್ಲಿ ಏನಾಯಿತೆಂದು ಮಾರನೆಯ ದಿನ ಪಾರಿವಾಳದವನು ಹೇಳಿದ. ಬಂದವರು ಇಬ್ಬರು, ಒಬ್ಬ ಗಂಡಸು, ಒಬ್ಬಳು ನೆರೆತ ಕೂದಲಿನ ಹೆಂಗಸು. ಬಿಸ್ಕತ್ತು ತಿಂದು ತಿಂದು ಬೇಸತ್ತು, ಮೇನೇಜರ್ ಊಟ ಹುಡುಕಿಕೊಂಡು ಹೋಗಿದ್ದಾಗ ಮೆಷಿನ್ ನೋಡುತ್ತೇವೆಂದು ಕೆಳಗಿಳಿದರಂತೆ. ಅಲ್ಲಿ ಉತ್ತರ ಕರ್ನಾಟಕದ ಕಡೆಯ ಹೆಂಗಸರು ಎಂದಿನಂತೆ ಕೆಲಸಕ್ಕೆ ಬಂದಿದ್ದರು, ಅವರಲ್ಲಿ ಹೊಸತೊಡಕಿಲ್ಲ. ಬುತ್ತಿ ಬಿಚ್ಚಿ ಕೂತಿದ್ದವರು ಇವರನ್ನೂ ಕರೆದು ಜೋಳದ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟರಂತೆ. ಆ ಹೆಂಗಸು ನೆಲದ ಮೇಲೆ ಕೂತು ತಿನ್ನುತ್ತಾ, ನಮ್ಮ ಯಾದಗಿರಿಯವಳ ಕುಪ್ಪಸ ಒದ್ದೆಯಾಗಿದ್ದನ್ನು ನೋಡಿ ಏನೆಂದು ಕೇಳಿದಳಂತೆ.

"ಇಂಗ್ಲಿಷಿಗೆ ಮಾಡಿ ಹೇಳಕ್ಕೆ ನನ್ನೇ ಕರೆದ್ರು," ಎಂದ ಅವನು. "ಕೂಸು ಮನ್ಯಾಗ ಐತ್ರಿ, ಹಾಲು ಇಲ್ಲಿ ಸೋರ್ತೈತ್ರಿ, ಬಿಡಂಗಿಲ್ರಿ ಅಂದ್ಲು. ಹಂಗೇ ಹೇಳ್ದೆ ಗುರು. ಒಂದು ಅಕ್ಷರ ಬಿಡ್ಲಿಲ್ಲ. ಡೈರಿ ವಿಷ್ಯಾನೂ ಸೇರ್ಸಿ ಹೇಳ್ದೆ." ನೆಲ ನೋಡುತ್ತಾ, "ಅವತ್ತು ನಾನೂ ನಕ್ಕಿದ್ದೆ," ಎಂದ.

"ಗೊತ್ತು," ಎಂದೆ. ಅವನ ಮೇಲಿನ ಸಿಟ್ಟು ಅರ್ಧ ಇಳಿಯಿತು. ಅರ್ಧ ಇನ್ನೂ ಇದೆ.

ಆ ಹೆಂಗಸು ಊರಿಗೆ ಹೋದ ಮೇಲೆ ನಮ್ಮ ಕಂಪನಿಯ ಮಾಲೀಕರಿಗೆ ಏನು ಹೇಳಿದಳೋ ಗೊತ್ತಿಲ್ಲ. ಒಂದು ಸೋಮವಾರ ಮೇನೇಜರ್ ಎಲ್ಲರನ್ನೂ ಕೆಳಗೆ ಸೇರಿಸಿ, ಎಳೆ ಮಕ್ಕಳ ತಾಯಂದಿರು ಇನ್ನು ಮುಂದೆ ಮಧ್ಯಾಹ್ನ ಮನೆಗೆ ಹೋಗಿ ಬರಬಹುದು, ಸಂಬಳ ಕಡಿತವಿಲ್ಲ ಎಂದು ಪ್ರಕಟಿಸಿದ. ತನಗೇ ಹೊಳೆದ ವಿಚಾರದ ಹಾಗೆ ಹೇಳಿದ. ಜನ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ.

ಮೊದಲ ದಿನ ಗಂಟೆ ಬಾರಿಸಿದ ತಕ್ಷಣ ಯಾದಗಿರಿಯವಳು ಚಪ್ಪಲಿ ಮೆಟ್ಟಿಕೊಂಡು ಗೇಟಿನ ಕಡೆ ಓಡಿದ್ದು ಮೇಲಿನ ಕಿಟಕಿಯಿಂದ ಕಂಡಿತು. ಅವಳ ಜೊತೆ ಇನ್ನಿಬ್ಬರು. ಓಡುತ್ತಾ ನಗುತ್ತಿದ್ದರು. ನನಗೆ ಖುಷಿಯಾಗಬೇಕಿತ್ತು. ಹೊಟ್ಟೆ ಉರಿಯಿತು. ನಾನು ತಿರುಗಿ ಬಂದು ಡಬ್ಬಿ ಎದುರಿಗೆ ಇಟ್ಟುಕೊಂಡು ಕೂತೆ.

ಮೇನೇಜರ್ ರೂಮಿನಿಂದ ಹೊರಗೆ ಬಂದ. ನನ್ನನ್ನು ನೋಡಿ ನಿಂತ. ಕೈಗಡಿಯಾರ ನೋಡಿಕೊಂಡ. ಮಹಡಿಯ ತುಂಬಾ ಜನ ಊಟಕ್ಕೆ ಎದ್ದು ನಿಂತಿದ್ದರು.

"ಅರೆ, ನೀವು ಹೋಗಲ್ವಾ?" ಎಂದ. ಧ್ವನಿಯಲ್ಲಿ ಒಳ್ಳೆಯತನ ತುಂಬಿ ತುಳುಕುತ್ತಿತ್ತು. "ನಿಮಗೋಸ್ಕರಾನೇ ಮಾಡಿದ್ದು."

ಆವತ್ತು ಹೊಸತೊಡಕಾಗಿರಲಿಲ್ಲ. ನಾನು ಎದ್ದು ನಿಂತೆ.

"ನನಗೆ ಹಾಲು ನಿಂತು ಹೋಗಿದೆ ಸರ್," ಎಂದೆ, ಮೆಟ್ಟಿಲ ಕೆಳಗಿನವರಿಗೂ ಕೇಳುವ ಹಾಗೆ. "ನೀವು ಡೈರಿ ಮುಚ್ಚಿಸಿದ ಮೇಲೆ ಎದೆಗೆ ಮಲ್ಲಿಗೆ ಕಟ್ಟಿ ನಿಲ್ಲಿಸ್ಕೊಂಡೆ. ಮಗು ಸತ್ತವರು ಕಟ್ಕೊಳ್ತಾರೆ ನಮ್ಮ ಕಡೆ. ನನ್ನ ಮಗಳು ಅಭ್ಯಾಸ ಆಗಿ ಬಾಟಲಿ ಕುಡೀತಿಲ್ಲ ಸರ್. ಬೇರೆ ಏನೂ ಇಲ್ಲ ಅಂತ ಕುಡೀತಿದಾಳೆ."

ಯಾರೂ ನಗಲಿಲ್ಲ. ಅವನು ಸುತ್ತ ನೋಡಿದ, ಎಲ್ಲರೂ ಅವನನ್ನೇ ನೋಡುತ್ತಿದ್ದರು. "ಓ," ಎಂದ. ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡ.

ನಾನು ಕೂತು ಡಬ್ಬಿ ಬಿಚ್ಚಿ ಊಟ ಮಾಡಿದೆ. ಒಂದು ಅಗುಳೂ ಬಿಡಲಿಲ್ಲ.